ಅಜ್ಜಿಯ ಗುಡ್ಡೆಯಿಂದ ಒಂದು ಹಿಡಿ ಮಣ್ಣು

ಅಜ್ಜಿಯನ್ನು ಮಣ್ಣು ಮಾಡಿದ ದಿನ ನಾನು ಅಲ್ಲಿದ್ದೆ ಎಂದು ನಲವತ್ತು ಚಿಲ್ಲರೆ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಪ್ರಮಾಣ ಮಾಡಿ ಹೇಳು ಎಂದರೆ ಈಗ ಹೇಳಲಾರೆ. ಇದ್ದಿರಬೇಕು. ಆಗ ನನಗೆ ಎಂಟು ವರ್ಷ. ಹೊಂಗೆಮರದ ನೆರಳು, ಗುಂಡಿಯ ಅಂಚಿನಲ್ಲಿ ರಾಶಿ ಬಿದ್ದ ಹಸಿ ಮಣ್ಣು, ಯಾರೋ ಜೋಳದ ಕಡ್ಡಿ ಮುರಿದು ಅಜ್ಜಿಯ ಪಾದದ ಉದ್ದ ಅಳೆದದ್ದು, ಆ ಕಡ್ಡಿಯಿಂದಲೇ ಗುಂಡಿಗೆ ಗುರುತು ಹಾಕಿದ್ದು ಕಣ್ಣ ಮುಂದಿವೆ. ಆದರೆ ಎಂ.ಎ. ಓದುವಾಗ, ಸತ್ತವರನ್ನು ಕೂರಿಸಿ ಹೂಳುವ ನಮ್ಮವರ ಶವಸಂಸ್ಕಾರದ ಮೇಲೆ ನಾನೊಂದು ಪ್ರಬಂಧ ಬರೆದಿದ್ದೆ. ಸತ್ತವರ ಪಾದದ ಅಳತೆಯಲ್ಲಿ ಒಂಬತ್ತು ಪಾದ ಉದ್ದಕ್ಕೆ ಗುಂಡಿ ತೋಡಬೇಕು ಎಂಬುದು ಅದಕ್ಕಾಗಿ ಓದಿದ್ದರಲ್ಲೂ ಇತ್ತು. ಓದಿದ್ದನ್ನು ಆಮೇಲೆ ನೋಡಿದ್ದೆಂದು ಮಾಡಿಕೊಂಡೆನೋ, ನೋಡಿದ್ದೇ ಓದಿನಲ್ಲಿ ಸಿಕ್ಕಿತೋ ಹೇಳಲಾರೆ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಒಬ್ಬನೇ ಸಾಕ್ಷಿಯಿದ್ದರೆ ನಂಬಬೇಡಿ ಎಂದು ಪ್ರತಿ ವರ್ಷ ಹೇಳುತ್ತಿದ್ದೆ.

ಹಾಗೆ ಒಬ್ಬನೇ ಸಾಕ್ಷಿಯಾಗಿ ನಿಲ್ಲುವ ಸ್ಥಿತಿ ಕಳೆದ ವರ್ಷ ನನಗೇ ಬಂತು.

ಗುಂಡ್ಲುಪೇಟೆಯಲ್ಲಿ ಅತ್ತೆ, ಅಪ್ಪನ ತಂಗಿ, ತನ್ನ ಮಗಳ ಮನೆಯಲ್ಲಿದ್ದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮೈಸೂರಿಗೆ ವಾರಕ್ಕೆರಡು ಸಲ ಹೋಗಿ ರಕ್ತ ಸೋಸಿಕೊಂಡು ಬರುವುದನ್ನು ಮೂರು ವಾರ ಮಾಡಿ, ನಾಲ್ಕನೆಯ ವಾರ ಕಾರು ಹತ್ತಲು ಒಪ್ಪಲಿಲ್ಲ. ಮಗಳು ಅತ್ತಳು, ಅಳಿಯ ಬೈದ, ಡಾಕ್ಟರು ಫೋನಿನಲ್ಲಿ ತಿಳಿಹೇಳಿದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ನೋಡಲು ಹೋದಾಗ ಅವರ ಮುಖ ಊದಿಕೊಂಡು ಅಜ್ಜಿಯ ಮುಖದ ಹಾಗೆ ಕಂಡಿತು. ಅಜ್ಜಿಯ ಮುಖ ನನಗೆ ಎಷ್ಟು ನೆನಪಿದೆ ಎಂಬುದು ಬೇರೆ ಮಾತು.

"ನೀನು ಕಂಡಿದ್ಯಲ್ವ, ನಮ್ಮವ್ವನ ಗುಡ್ಡೆ?" ಎಂದು ಕೇಳಿದರು. ನಮ್ಮ ಕಡೆ ಸಮಾಧಿಗೆ ಗುಡ್ಡೆ ಎನ್ನುತ್ತಾರೆ.

"ಕಂಡಿದ್ದೆ ಅತ್ತೆ. ಚಿಕ್ಕವನಿದ್ದೆ."

"ಕಂಡಿದ್ದೋರು ಅಂದ್ರೆ ಈಗ ನೀನೊಬ್ನೇಯ. ನಿಮ್ಮಪ್ಪ ಓದ, ನಿಮ್ ಚಿಕ್ಕಪ್ಪ ಓದ. ನಾನು ಒಂದ್ ಕಿತನೂ ಕಾಣ್ಲಿಲ್ಲ ಕಣ್ಲಾ."

ಅದು ನಿಜ. ಅಜ್ಜಿ ಸತ್ತಾಗ ಅತ್ತೆ ಗುಂಡ್ಲುಪೇಟೆಯಲ್ಲಿ ಬಾಣಂತಿ. ಇದೇ ಮಗಳನ್ನು ಹೆತ್ತು ನಾಲ್ಕು ದಿನವಾಗಿತ್ತು. ಸುದ್ದಿಯನ್ನೇ ಎರಡು ದಿನ ತಡೆದು ಹೇಳಿದರಂತೆ. ಆಮೇಲೆ ನೋಡಬಹುದಿತ್ತಲ್ಲ ಎಂದರೆ, ನಮ್ಮ ಊರಿನಲ್ಲಿ ಆಗ ಹೆಂಗಸರು ರುದ್ರಭೂಮಿಗೆ ಕಾಲಿಡುತ್ತಿರಲಿಲ್ಲ. ಹೆಣ ಹೊರಟಾಗ ಬೀದಿಯ ಕೊನೆಯವರೆಗೆ ಬಂದು ನಿಲ್ಲುತ್ತಿದ್ದರು. ಕೊಟ್ಟ ಹೆಣ್ಣಂತೂ ಗಂಡನ ಮನೆಯ ಹಿರಿಯರಿಗೆ ಎಡೆ ಇಡಬೇಕೇ ಹೊರತು ತನ್ನವ್ವನಿಗಲ್ಲ. ಮಾರ್ನಮಿ ಅಮಾವಾಸ್ಯೆಗೆ ಅಪ್ಪ ಪ್ರತಿ ವರ್ಷ ಮೈಸೂರಿನಿಂದ ಊರಿಗೆ ಹೋಗಿ ಗುಡ್ಡೆಗೆ ಪೂಜೆ ಮಾಡಿ ಬರುತ್ತಿದ್ದರು. ಒಮ್ಮೆ ನನ್ನನ್ನು ಕರೆದಾಗ, ಕಲ್ಲಿಗೆ ಕುಂಕುಮ ಹಚ್ಚಲು ಎರಡು ಬಸ್ಸು ಯಾಕೆ ಹತ್ತಬೇಕು ಎಂದಿದ್ದೆ. ಅಪ್ಪ ಮತ್ತೆ ಕರೆಯಲಿಲ್ಲ. ಅಪ್ಪನ ಸಮಾಧಿ ಮೈಸೂರಿನಲ್ಲಿದೆ. ಅಲ್ಲಿ ಸಾಲು, ನಂಬರು, ರಸೀದಿ ಎಲ್ಲ ಇವೆ.

ಅತ್ತೆಗೆ ಬೇಕಾಗಿದ್ದದ್ದು ಇಷ್ಟೇ. ತನ್ನ ಗುಂಡಿಗೆ ಅವ್ವನ ಗುಡ್ಡೆಯ ಮಣ್ಣು ಒಂದು ಹಿಡಿ ಬೀಳಬೇಕು. "ಅವ್ವನ್ ಪಕ್ಕ ಮಡ್ಗಿ ಅನ್ನಕ್ಕಾಯ್ತದಾ? ನಾನ್ ಈ ಮನೆ ಎಣ. ಒಂದಿಡಿ ಮಣ್ಣು ತಂದ್ ಆಕ್ಬುಡು ಸಾಕು. ನೀನೇ ಓಗ್ಬೇಕು. ಬ್ಯಾರೆಯವ್ರು ಯಾವ್ದೋ ಮಣ್ಣು ತತ್ತಾರೆ."

ತರುತ್ತೇನೆ ಎಂದೆ. ಅಷ್ಟು ಸುಲಭವಾಗಿ ಹಾಗೆ ಅಂದದ್ದು ಯಾಕೆ ಎಂದು ಈಗಲೂ ಅರ್ಥವಾಗುವುದಿಲ್ಲ.

ಮರುದಿನ ಚಾಮರಾಜನಗರಕ್ಕೆ ಬಂದು, ಉಮ್ಮತ್ತೂರಿನ ಬಸ್ಸು ಹಿಡಿದು, ಅಲ್ಲಿಂದ ಮುಂದೆ ಆಟೋದಲ್ಲಿ ಊರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಎದುರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಅಳತೆಯ ಟೇಪು ಕೊಂಡಿದ್ದೆ. ಯೋಜನೆ ಹಿಂದಿನ ಸಂಜೆಯೇ ಹೊಳೆದಿತ್ತು. ಗುಂಡಿ ಸತ್ತವರ ಪಾದದ ಅಳತೆಯದಾದರೆ ಅದರ ಮೇಲಿನ ಕಟ್ಟೆಯೂ ಆ ಅಳತೆಯದೇ ಆಗಿರಬೇಕು. ಅವ್ವನ ಪಾದ ಹೇಗಿತ್ತು ಎಂದು ಅತ್ತೆಯನ್ನು ಕೇಳಿದ್ದೆ. "ಏಳ್ನೇ ಕ್ಲಾಸಲ್ಲಿ ನನ್ ಚಪ್ಲಿ ಅವ್ವುಂಗೆ ದೊಡ್ಡದಾಯ್ತಿತ್ತು," ಎಂದು ಗೇಣಿಗಿಂತ ಕಡಿಮೆ ಅಗಲಿಸಿ ಬೆರಳು ತೋರಿಸಿದ್ದರು. ಎಂಟು ಇಂಚು ಎಂದಿಟ್ಟುಕೊಂಡರೆ ಒಂಬತ್ತು ಪಾದಕ್ಕೆ ಆರು ಅಡಿ. ಸ್ಮಾರಕಗಳನ್ನು ಅಳೆಯುವುದು ನನ್ನ ವೃತ್ತಿಗೆ ಹತ್ತಿರದ ಕೆಲಸ. ಬಸ್ಸಿನಲ್ಲಿ ಕೂತು ನನಗೆ ಸಣ್ಣ ಉತ್ಸಾಹವೂ ಇತ್ತು ಎಂದು ಒಪ್ಪಿಕೊಳ್ಳಬೇಕು.

ರುದ್ರಭೂಮಿಗೆ ಪಂಚಾಯಿತಿಯವರು ಮೂರು ಕಡೆ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ನಾಲ್ಕನೆಯ ಕಡೆ ಒಬ್ಬರ ಅರಿಸಿನದ ಹೊಲ. ಒಳಗೆಲ್ಲ ಲಂಟಾನ. ನಾನು ಹುಡುಕುತ್ತಿದ್ದ ಹೊಂಗೆಮರ ಇರಲಿಲ್ಲ. ಮರಗಳೇನೋ ಇದ್ದವು. ಎರಡು ಬೇವು, ಒಂದು ಹುಣಸೆ, ಬೇಲಿಯಂಚಿಗೆ ಸಾಲಾಗಿ ಅಕೇಶಿಯ. ಹೊಂಗೆಯದೊಂದು ಬುಡವೂ ಕಾಣಲಿಲ್ಲ.

ಗುಂಡಿ ತೋಡುವ ಮನೆಯ ಹಿರಿಯನನ್ನು ಕರೆದುಕೊಂಡು ಹೋಗಿದ್ದೆ. ಅರವತ್ತು ದಾಟಿದ ಮನುಷ್ಯ, ಒಂದು ಕಣ್ಣಿಗೆ ಪೊರೆ. ಮೊದಲು ನನ್ನನ್ನು "ಬುದ್ಧಿ" ಎಂದ. ಹಾಗೆ ಕರೆಯಬೇಡಿ ಎಂದಾಗ "ಸಾ" ಎಂದು ಬದಲಾಯಿಸಿಕೊಂಡ. ಅಜ್ಜಿ ಸತ್ತ ಕಾಲಕ್ಕೆ ಅವನು ತನ್ನಪ್ಪನ ಜೊತೆ ಗುದ್ದಲಿ ಹಿಡಿಯುತ್ತಿದ್ದವನು.

"ಇಲ್ಲೊಂದು ಹೊಂಗೆಮರ ಇತ್ತಲ್ಲ?"

"ಒಂಗೆಯಾ? ಅದು ಆ ಕಡೆ ಊರೋರ ಸುಡುಗಾಡಲ್ಲಿ ಅದೆ, ಸಾ. ಇಲ್ಲೆಲ್ಲಿತ್ತು? ಇರ್ಬೋದು. ಕಡ್ದಿರ್ಬೋದು. ಮರ ಕಡ್ಯಾಕೆ ನಮ್ಮೋರ್ಗೇನು ಯೋಳ್ಕೊಡ್ಬೇಕಾ."

ಲಂಟಾನ ಸವರಿಕೊಂಡು ಒಳಗೆ ಹೋದೆವು. ಹಳೆಯ ಕಲ್ಲುಗಳ ಮೇಲೆ ಅಕ್ಷರವಿಲ್ಲ. ಲಿಂಗ, ಎರಡು ಪಕ್ಕಕ್ಕೆ ಸೂರ್ಯ ಚಂದ್ರ, ಕೆಳಗೊಂದು ಬಸವ, ಅಷ್ಟೇ. ನಡುವಿನ ಕಾಲದ ಕಲ್ಲುಗಳಲ್ಲಿ ಅಕ್ಷರ ಕೊರೆಸಿದ್ದಾರೆ, ಆದರೆ ಮಳೆಗೆ ಸವೆದಿವೆ. ಮೊಬೈಲಿನಲ್ಲಿ ಫೋಟೋ ಹಿಡಿದು ದೊಡ್ಡದು ಮಾಡಿ ನೋಡಿದೆ. ಏನೂ ಆಗಲಿಲ್ಲ. ಹಿರಿಯ ಸುಮ್ಮನೆ ನೋಡುತ್ತಿದ್ದವನು ತನ್ನ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಬಾಟಲಿಯ ನೀರಿನಲ್ಲಿ ಅರೆದು, ಅಂಗೈಯಿಂದ ಕಲ್ಲಿಗೆ ಬಳಿದ. ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದ. ಕೊರೆದ ಕಡೆ ಬಿಳಿ ಉಳಿದು ಅಕ್ಷರಗಳು ಎದ್ದು ಬಂದವು.

ಮೊದಲ ಕಲ್ಲಿನಲ್ಲಿ ಅಜ್ಜಿಯ ಹೆಸರು ಓದಿದೆ, ಬೆರಳಿಟ್ಟು ಮತ್ತೊಮ್ಮೆ ಓದಿದೆ. ಹೆಸರು, "ಲಿಂಗೈಕ್ಯರಾದರು", ಒಂದು ವಾರದ ಹೆಸರು. ಗಂಡನ ಹೆಸರಿಲ್ಲ, ಇಸವಿಯ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ. ಸಿಕ್ಕಿತು ಎಂದೆ.

"ಅಲ್ಲೊಂದ್ ಅದೆ ನೋಡಿ," ಎಂದ ಹಿರಿಯ.

ಎರಡನೆಯದರಲ್ಲೂ ಅದೇ ಹೆಸರು. ಮೂರನೆಯದರಲ್ಲಿ, ಸ್ವಲ್ಪ ಆಚೆ, ಮತ್ತೆ ಅದೇ. ಹುಣಸೆಮರದ ಹತ್ತಿರ ನಾಲ್ಕನೆಯದು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ನಮ್ಮ ಇಡೀ ಬೀದಿಗೆ ಮನೆದೇವರು ಒಂದೇ. ಹುಟ್ಟಿದ ಮೊದಲ ಹೆಣ್ಣಿಗೆ ಆ ದೇವಿಯ ಹೆಸರು, ಆಮೇಲೆ ಅವಳ ಮೊಮ್ಮಗಳಿಗೂ ಅದೇ. ನನ್ನ ಅಕ್ಕನಿಗೂ ಅದೇ ಹೆಸರು. ಶಾಲೆಯಲ್ಲಿ ಮೇಷ್ಟ್ರು ಕೂಗಿದರೆ ಐವರು ಎದ್ದು ನಿಲ್ಲುತ್ತಿದ್ದರು. ಹಿಂದಿನವರಿಗೆ ಇದು ತೊಡಕೆನಿಸಲಿಲ್ಲ, ಯಾರ ಗುಡ್ಡೆ ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಷರ ಕೊರೆಸಿದ್ದು ಹೊಸ ಶೋಕಿಗೆ. ಗೊತ್ತಿದ್ದವರೆಲ್ಲ ಹೋದ ಮೇಲೆ ಓದಿಕೊಂಡು ಬರುವವನೊಬ್ಬ ಇರುತ್ತಾನೆ ಎಂದು ಅವರಿಗೆ ಅನಿಸಿರಲಾರದು.

ಟೇಪು ತೆಗೆದೆ. ಹಿರಿಯನಿಗೆ ಒಂದು ತುದಿ ಕೊಟ್ಟು ನಾಲ್ಕು ಕಟ್ಟೆಗಳನ್ನೂ ಅಳೆದೆ. ಒಂದು ಏಳು ಅಡಿಯ ಮೇಲೆ, ಎರಡು ಹೆಚ್ಚುಕಡಿಮೆ ಆರೂವರೆ. ಹುಣಸೆಮರದ ಹತ್ತಿರದ್ದು ಆರು ಅಡಿಗೆ ಒಂದು ಇಂಚು ಕಡಿಮೆ. ಪುಸ್ತಕದಲ್ಲಿ ಬರೆದುಕೊಂಡೆ. ಇದೇ ಎಂದೆ. ಯಾಕೆ ಎಂದು ಅವನಿಗೆ ವಿವರಿಸಿದೆ: ಪಾದ, ಒಂಬತ್ತು ಪಾದ, ಸಣ್ಣ ಕಾಲಿನ ಹೆಂಗಸು.

ಅವನು ಕೇಳಿಸಿಕೊಂಡು ಟೇಪಿನ ತುದಿಯನ್ನು ಬಿಟ್ಟ. ಅದು ಸರ್ರನೆ ಸುತ್ತಿಕೊಂಡು ಬಂದು ನನ್ನ ಬೆರಳಿಗೆ ಬಡಿಯಿತು.

"ಪಾದ ಅಳ್ಯಾದು ಅಂದ್ರೆ, ಸಾ, ಗುಂಡಿ ತೋಡಾದು ಬೆಳಿಗ್ಗೆ. ಎಣ ಬರಾದು ಮದ್ಯಾನ. ಬರ್ದೇ ಇರೋ ಎಣದ್ ಕಾಲ ಎಂಗ್ ಅಳ್ಯಾದು?"

"ಮನೆಯಿಂದ ಕಡ್ಡಿ ತರುತ್ತಿದ್ದರಲ್ಲ."

"ತರೋರು. ಅಯ್ನೋರು ಕೊಡೋರು, ನಮ್ಮಪ್ಪ ಈಸ್ಕಂಡು ಕಿವಿ ಕೆರ್ಕೊಳೋನು." ಅವನು ನಗಲಿಲ್ಲ, ಆದರೆ ಪೊರೆಯಿಲ್ಲದ ಕಣ್ಣು ನಗುತ್ತಿತ್ತು. "ನಮ್ಮನೆ ಸೂರ್ನಲ್ಲಿ ಒಂದ್ ಬಿದ್ರು ಗಳ ಇತ್ತು. ಎಲ್ಲಾರ್ಗೂ ಅದೇಯ. ಗೌಡ್ರಿಗೂ ಅದೇ, ಗೌಡ್ತಿಗೂ ಅದೇ. ಕುಂತ್ಕೊಳಾಕೆ ಎಷ್ಟು ಜಾಗ ಬೇಕು? ಕಟ್ಟೆ ಕಟ್ಟೋನು ಕಲ್ಲಿದ್ದಷ್ಟು ಕಟ್ತಾನೆ. ಈಗಂತೂ ಜೆಸಿಬಿ. ಅದ್ರ ಬಕೀಟಿನ ಅಗ್ಲವೇ ಅಗ್ಲ."

ನಾನು ಪ್ರಬಂಧದಲ್ಲಿ ಎರಡು ಪುಟ ಬರೆದಿದ್ದ ಆಚರಣೆ ಹೀಗೆ ಹುಣಸೆಮರದ ಕೆಳಗೆ ಮುಗಿಯಿತು. ಹಾಗಾದರೆ ನಾನು ಕಂಡ ಜೋಳದ ಕಡ್ಡಿ? ಅದನ್ನೂ ಕೇಳಿದೆ. ಇದ್ದಿರಬಹುದು ಎಂದ. ಅವನಿಗೆ ಎಲ್ಲವೂ ಇದ್ದಿರಬಹುದು.

"ನಮ್ಮಜ್ಜಿಯ ಗುಂಡಿ ನೀವೇ ತೋಡಿದ್ದಲ್ಲವಾ? ಜಾಗ ನೆನಪಿಲ್ಲವಾ?"

"ತೋಡಿದ್ದೇನೋ ದಿಟ. ಎಷ್ಟು ತೋಡಿದೀನಿ ಅಂದ್ರೆ... ನಮ್ಮಪ್ಪುಂದೇ ನಂಗೊತ್ತಿಲ್ಲ, ಸಾ. ಅಲ್ಲಿ ಕಾಲ್ವೆ ತಾವ ಎಲ್ಲೋ ನಾನೇ ಮಡ್ಗಿದ್ದು. ನಿಮ್ದಾದ್ರೆ ಕಲ್ಲಾದ್ರೂ ಅವೆ. ನಮ್ದುಕ್ಕೆ ಕಾಲ್ವೆ ಅಗ್ಲ ಮಾಡ್ದಾಗ ಮಿಸನ್ನು ಬಂತು, ಎತ್ತಾಕ್ತು. ನನ್ ಮಗ ಬದನಗುಪ್ಪೇಲಿ ಕೆಲ್ಸಕ್ಕೋಯ್ತನೆ, ಅವ್ನು ಕೇಳದೂ ಇಲ್ಲ."

ಇಂಥ ಮಾತಿನ ಮುಂದೆ ನಾಲ್ಕು ಕಲ್ಲುಗಳ ಪೈಕಿ ಯಾವುದು ನನ್ನದು ಎಂದು ಚಡಪಡಿಸುವುದು ಒಂದು ಬಗೆಯ ಶ್ರೀಮಂತಿಕೆ ಎನಿಸಿತು. ಆದರೂ ಚಡಪಡಿಸಿದೆ.

ಅಷ್ಟರಲ್ಲಿ ಅರಿಸಿನದ ಹೊಲದ ಕಡೆಯಿಂದ ಒಬ್ಬ ಹೆಂಗಸು ಬಂದಳು. ನಮ್ಮ ಹಳೆಯ ಬೀದಿಯವಳೇ, ಅರವತ್ತರ ಹತ್ತಿರ. ನಾನು ಯಾರ ಮಗ ಎಂದು ಹೇಳಿದ ಮೇಲೆ, ಇಲ್ಲೇನು ಕೆಲಸ ಎಂದಳು. ಹುಣಸೆಮರದ ಕಟ್ಟೆ ತೋರಿಸಿ, ಇದು ನಮ್ಮಜ್ಜಿಯದೋ ಏನೋ ಎಂದೆ.

"ಅದು ನಮ್ಮತ್ತೇದು ಕಣಪ್ಪ," ಎಂದಳು. "ವರ್ಸಾ ವರ್ಸಾ ನನ್ ಮಕ್ಳೇ ಸುಣ್ಣ ಬಳ್ಯಾದು."

ಕಟ್ಟೆಯ ಮೇಲೆ ಸುಣ್ಣದ ಪದರಗಳು ಹಪ್ಪಳದ ಹಾಗೆ ಎದ್ದಿದ್ದವು. ನಾನು ಪುಸ್ತಕ ಮುಚ್ಚಿದೆ.

"ನಿಮ್ಮಪ್ಪಾರು ಮೈಸೂರಿಂದ ಬರೋರಲ್ವ, ಕನ್ನಡ್ಕ ಆಕ್ಕಂಡು, ಮಾರ್ನಮೀಲಿ?" ಎಂದು ಕೇಳಿದಳು. "ಅವ್ರೂ ಇದ್ಕೇ ಪೂಜೆ ಮಾಡೋರು. ನಮ್ಮನೆ ಗಂಡುಸ್ರು ಸುಣ್ಣ ಬಳ್ದು ಓಗೋರು, ಅವ್ರು ಬಂದು ಕುಂಕ್ಮ ಇಟ್ಟು ಕಾಯಿ ಒಡ್ದು ಓಗೋರು. ಸಂದೇಗೆ ಎಡೆ ತಂದ್ರೆ ಅವ್ರುದು ಆಗ್ಲೆ ಇರೋದು. ಪಕ್ಕದಲ್ಲಿ ಮಡ್ಗೋದು."

"ಎಷ್ಟು ವರ್ಷ?"

"ನಾನ್ ಬಂದಾಗಿಂದ."

"ನೀವು ಕೇಳಲಿಲ್ಲವಾ ಅವರನ್ನು? ಇದು ನಮ್ಮದು ಅಂತ?"

ಅವಳು ನನ್ನನ್ನು ನೋಡಿದ ರೀತಿ ನೆನಪಿದೆ. "ಏನಂತ ಕೇಳಾದು? ಪೂಜೆ ಮಾಡೋರ್ನ ಬ್ಯಾಡಿ ಅನ್ನಾಕಾಯ್ತದಾ? ಎಸ್ರೂ ಅದೇ ಇತ್ತು. ಮಾಡ್ಕಳ್ಳಿ ಅಂತ ಸುಮ್ಕಾದೊ."

ಸುಣ್ಣ ಅವರದು, ಕುಂಕುಮ ನಮ್ಮದು. ಅಪ್ಪ ಮೈಸೂರಿಗೆ ವಾಪಸು ಬಂದು, ಗುಡ್ಡೆಗೆ ಯಾರೋ ಪುಣ್ಯಾತ್ಮರು ಸುಣ್ಣ ಬಳಿದಿದ್ದರು, ಊರಿನಲ್ಲಿ ಇನ್ನೂ ಮರ್ಯಾದೆಯಿದೆ ಎಂದು ಹೇಳುತ್ತಿದ್ದುದು ಈಗ ನೆನಪಾಯಿತು. ಅದು ನಿಜವಾದ ನೆನಪೇ, ಅವಳ ಮಾತು ಕೇಳಿ ಹುಟ್ಟಿದ್ದೇ, ಗೊತ್ತಿಲ್ಲ.

ಅಲ್ಲಿ ನಿಂತೇ ಲೆಕ್ಕ ಹಾಕಿದೆ. ಅಪ್ಪ ತನ್ನವ್ವನನ್ನು ಕೈಯಾರೆ ಗುಂಡಿಗಿಳಿಸಿದವರು. ಅವರು ತಪ್ಪು ಗುಡ್ಡೆಗೆ ಪೂಜೆ ಮಾಡುತ್ತಾರೆಯೇ? ಆದರೆ ಈಕೆಯ ಗಂಡನೂ ತನ್ನವ್ವನನ್ನು ಕೈಯಾರೆ ಗುಂಡಿಗಿಳಿಸಿದವನೇ. ಈಕೆ ಮದುವೆಯಾಗಿ ಬರುವ ಹೊತ್ತಿಗೆ ಈಕೆಯ ಅತ್ತೆ ಸತ್ತಿದ್ದಳು, ಗಂಡ ತೋರಿಸಿದ್ದನ್ನು ನಂಬಿದಳು. ಆ ಗಂಡನೂ ಈಗಿಲ್ಲ. ಇಬ್ಬರು ಗಂಡಸರಲ್ಲಿ ಒಬ್ಬ ತಪ್ಪಿದ್ದಾನೆ. ಯಾರೆಂದು ಹೇಳಬಲ್ಲ ಕಾಗದವಾಗಲಿ ಮನುಷ್ಯನಾಗಲಿ ಉಳಿದಿಲ್ಲ. ಪಾಠದಲ್ಲಾದರೆ ಇಲ್ಲಿಗೆ ನಿಲ್ಲಿಸಿ, ಆಧಾರ ಸಾಲದು ಎಂದು ಬರೆಯಬಹುದು. ಗುಂಡ್ಲುಪೇಟೆಯಲ್ಲಿ ಅತ್ತೆಗೆ ಹಾಗೆ ಬರೆದು ಕೊಡಲಾಗದು.

ಮಣ್ಣಿನ ವಿಷಯ ಹೇಳಿದೆ. ಅವಳು ತಡಮಾಡಲಿಲ್ಲ. "ಒಂದಿಡಿ ತಾನೆ, ತಕ್ಕೋ. ನಮ್ಮತ್ತೆ ಏನೂ ಅನ್ನಾಕಿಲ್ಲ. ಅನ್ನೋಳೇ ಆಗಿದ್ರೆ ನಂಗೇ ಬೈತಿದ್ಳು."

ಹಿರಿಯ ಕಟ್ಟೆಯ ಮಗ್ಗುಲಿನಲ್ಲಿ ಹಾರೆಯಿಂದ ಕೆದಕಿಕೊಟ್ಟ. ಕಪ್ಪಿಗೆ ತಿರುಗಿದ ಮಣ್ಣು, ನಡುವೆ ಹುಣಸೆಯ ಸಣ್ಣ ಬೇರು. ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡೆ. ಉಳಿದ ಮೂರು ಗುಡ್ಡೆಗಳಿಂದಲೂ ಚಿಟಿಕೆ ಚಿಟಿಕೆ ತೆಗೆದುಕೊಂಡು ಬೆರೆಸಿಬಿಡಲೇ ಎಂಬ ಯೋಚನೆ ಬಂತು. ಅದು ಮೋಸವೋ ಎಚ್ಚರಿಕೆಯೋ ತೀರ್ಮಾನಿಸಲಾಗದೆ ಬಿಟ್ಟೆ.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕವರು ತೊಡೆಯ ಮೇಲಿತ್ತು. ಕೇರಳಕ್ಕೆ ಹೂವು ಕಳಿಸಿ ಹಣ ಬರದ ಒಬ್ಬಾತ ಪಕ್ಕದಲ್ಲಿ ಕೂತು ಫೋನಿನಲ್ಲಿ ಅರ್ಧ ಮಲಯಾಳದಲ್ಲಿ ಜಗಳವಾಡುತ್ತಿದ್ದ. ನಾನು ಒಂದೇ ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದೆ: ಸಿಕ್ಕಿತು ಅತ್ತೆ, ಇದೇ ಜಾಗ.

ಅತ್ತೆ ಕವರಿನೊಳಗೆ ಕೈಹಾಕಿ ಮಣ್ಣನ್ನು ಅಂಗೈಗೆ ತೆಗೆದುಕೊಂಡರು. ಬೆರಳುಗಳು ಊದಿ ಮಡಚಲು ಬರುತ್ತಿರಲಿಲ್ಲ. ಮೂಗಿನ ಹತ್ತಿರ ಹಿಡಿದರು.

"ಇದೇಯ?"

ಇದೇ ಎನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆಯಾಗಿತ್ತು. "ಇರಬೇಕು ಅತ್ತೆ. ಅದೇ ಹೆಸರಿನ ನಾಲ್ಕು ಕಲ್ಲಿವೆ. ಅಪ್ಪ ಪೂಜೆ ಮಾಡುತ್ತಿದ್ದದ್ದು ಇದಕ್ಕೆ. ಆದರೆ ಖಾತ್ರಿಯಾಗಿ ಹೇಳಕ್ಕಾಗಲ್ಲ."

ಅತ್ತೆ ಮಣ್ಣನ್ನು ಕವರಿಗೆ ಹಾಕಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡರು. "ಖಾತ್ರಿ ಇಲ್ದೋನು ಯಾಕ್ಲಾ ತಂದೆ?" ಎಂದರು. ಸಿಟ್ಟಿರಲಿಲ್ಲ. ಗೋಡೆಯ ಕಡೆ ತಿರುಗಿದರು.

ಅಡುಗೆಮನೆಯಲ್ಲಿ ಅತ್ತೆಯ ಮಗಳು, ಅವತ್ತು ನಾಲ್ಕು ದಿನದ ಕೂಸಾಗಿದ್ದವಳು, ಲೋಟವನ್ನು ನನ್ನ ಮುಂದೆ ಕುಕ್ಕಿದಳು. "ಒಂದ್ ಸುಳ್ಳು ಯೋಳಕ್ಕಾಗ್ಲಿಲ್ವ ಬಾವ ನಿಂಗೆ? ಇಪ್ಪತ್ ವರ್ಸ ಪಾಟ ಮಾಡಿದೀಯ. ಅಷ್ಟೂ ದಿಟನೇ ಯೋಳ್ಬುಟ್ಟಿದ್ಯಾ?"

"ಬಾಯಿಗೆ ಬರಲಿಲ್ಲ."

"ಈಗ ಬರ್ಸ್ಕೋ. ಓಗು."

ಹೋದೆ. ಮಂಚದ ಪಕ್ಕ ಕೂತು, ಅತ್ತೆ, ನಾನು ಯೋಚನೆ ಮಾಡಿದೆ, ಅದೇ ಜಾಗ, ಈಗ ಸರಿಯಾಗಿ ನೆನಪಾಯಿತು ಎಂದೆ. ಅವರು ತಿರುಗದೆಯೇ ಹೇಳಿದರು. "ಈಗ ಯೋಳ್ತಿರದು ಸುಳ್ಳು ಕಣ್ಲಾ."

ನಾನು ಎದ್ದು ಹೋಗಲಿಲ್ಲ. ಹೋಗುವುದಕ್ಕೂ ಒಂದು ಧೈರ್ಯ ಬೇಕು. ಹೊರಗೆ ಊಟಿಯ ಕಡೆಯ ಗಾಡಿಗಳು ಹೋಗುತ್ತಿದ್ದವು. ಬಹಳ ಹೊತ್ತಾದ ಮೇಲೆ ಅತ್ತೆ ಕೇಳಿದರು. "ಅವತ್ತಿಂದು ಯೋಳು. ಜಾಗದ್ದು ಬುಡು. ಅವ್ವುಂದು ಯೋಳು."

ಹೇಳಿದೆ. ಕೂರಿಸಿಯೇ ಇಳಿಸಿದರು, ಎಡಗೈಯಲ್ಲಿ ಲಿಂಗವಿತ್ತು, ಮುಖ ಉತ್ತರಕ್ಕಿತ್ತು, ವಿಭೂತಿ, ಬಿಲ್ವಪತ್ರೆ, ಉಪ್ಪು.

"ಅದೆಲ್ಲಾರ್ಗೂ ಮಾಡ್ತಾರೆ. ನಂಗೊತ್ತಿಲ್ವ. ನೀನ್ ಕಂಡದ್ದ ಯೋಳು."

ನಾನು ಕಂಡದ್ದು. ಹೊಂಗೆಮರ ಹೋಗಿತ್ತು, ಜೋಳದ ಕಡ್ಡಿ ಹೋಗಿತ್ತು. ಉಳಿದದ್ದೇನು ಎಂದು ನೋಡಿಕೊಂಡೆ. ಆಮೇಲೆ, ಎಲ್ಲಿಂದ ಬಂತೋ, ಹೇಳಿದೆ: ಇಳಿಸುವಾಗ ಅಜ್ಜಿಯ ತಲೆ ಒಂದು ಕಡೆಗೆ ವಾಲಿ ತುರುಬು ಬಿಚ್ಚಿಹೋಯಿತು. ಕೂದಲು ಮುಖದ ಮೇಲೆ ಬಿತ್ತು. ಗುಂಡಿಯೊಳಗಿದ್ದ ಅಪ್ಪ ಎರಡು ಕೈಯಿಂದ ಅದನ್ನು ಒಟ್ಟುಮಾಡಿದರು. ತುರುಬು ಕಟ್ಟಲು ಅವರಿಗೆ ಬರಲಿಲ್ಲ. ಎರಡು ಸಲ ಬಿಚ್ಚಿತು. ಮೂರನೆಯ ಸಲ ಮೂಟೆಯ ಬಾಯಿ ಕಟ್ಟುವ ಹಾಗೆ ತಿರುಚಿ, ಗಂಟು ಹಾಕಿದರು. ಮೇಲಿದ್ದವರೆಲ್ಲ ಸುಮ್ಮನೆ ಕಾದರು.

ಅತ್ತೆ ತಿರುಗಿದರು. ಕಣ್ಣು ತುಂಬಿತ್ತು, ಆದರೆ ತುಟಿಯಲ್ಲಿ ನಗುವಿನಂಥದ್ದೇನೋ ಇತ್ತು. "ಅವುನ್ಗೆ ಬತ್ತಿರ್ಲಿಲ್ಲ ಕಣ. ಸಣ್ಣೋಳಿದ್ದಾಗ ನಂಗೆ ಜಡೆ ಆಕ್ತೀನಿ ಅಂತ ಕೂದ್ಲೆಲ್ಲ ಸಿಕ್ ಮಾಡ್ಬುಡೋನು. ಅವ್ವನ ಕೂದ್ಲು ಬಲು ಜಾರೋವು. ನಾನಿದ್ದಿದ್ರೆ ಕಟ್ತಿದ್ದೆ," ಎಂದರು. ಆಮೇಲೆ ಕವರಿನ ಕಡೆ ನೋಡಿ, "ಆ ಮಣ್ಣ ಅಲ್ಲೇ ಮಡ್ಗು, ಕಿಟ್ಕೀಲಿ. ಯಾರ್ದಾದ್ರೇನು, ಎಸ್ರು ಅವ್ವುಂದೇ ಅಲ್ವ."

ಆ ತುರುಬಿನ ವಿಷಯ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಅದಕ್ಕೆ ಮುಂಚೆ ಅದನ್ನು ಯಾರಿಗೂ ಹೇಳಿದ ನೆನಪಿಲ್ಲ. ಯಾವ ಪುಸ್ತಕದಲ್ಲೂ ಓದಿಲ್ಲ. ನಲವತ್ತು ವರ್ಷ ಒಳಗೆ ಇದ್ದದ್ದು ಆ ಹೊತ್ತಿಗೆ ಎದ್ದು ಬಂದಿರಬಹುದು. ಸಾಯುತ್ತಿರುವ ಹೆಂಗಸಿನ ಎದುರು ಬರಿಗೈಯಲ್ಲಿ ಕೂತವನು ಆ ಕ್ಷಣದಲ್ಲಿ ಹೆಣೆದದ್ದೂ ಆಗಿರಬಹುದು. ನನ್ನನ್ನೇ ಎಷ್ಟು ಸಲ ಪಾಟೀಸವಾಲು ಮಾಡಿದರೂ ಎರಡರ ರುಚಿಯೂ ಒಂದೇ. ನಾನು ಹೇಳಿದ್ದರಲ್ಲಿ ಅತ್ತೆ ನಂಬಿದ್ದು ಅದೊಂದನ್ನು ಮಾತ್ರ.

ಮೂರು ವಾರಕ್ಕೆ ಹೋದರು. ಬೆಳಿಗ್ಗೆ ಫೋನು ಬಂತು. ನಂಜನಗೂಡಿನ ಹತ್ತಿರ ಲಾರಿ ಮಗುಚಿ ದಾರಿ ಕಟ್ಟಿತ್ತು. ಗುಂಡ್ಲುಪೇಟೆಯ ರುದ್ರಭೂಮಿ ಸೇರುವಾಗ ಮೂರು ಗಂಟೆ ದಾಟಿತ್ತು. ಅತ್ತೆಯನ್ನು ಆಗಲೇ ಇಳಿಸಿಯಾಗಿತ್ತು. ಗಂಡುಮಕ್ಕಳಿಲ್ಲದ್ದರಿಂದ ಅಳಿಯನೇ ಗುಂಡಿಗಿಳಿದಿದ್ದ. ಅಂಚಿನಲ್ಲಿ ಸಂಸ್ಕಾರ ಮಾಡಿಸುವ ಅಯ್ಯನವರು ನಿಂತು ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಕೊಡುತ್ತಿದ್ದರು. ಈಗ ಹೆಂಗಸರೂ ಬರುತ್ತಾರೆ. ಅತ್ತೆಯ ಮಗಳು ಮುಂದೆಯೇ ನಿಂತಿದ್ದಳು. ನಾನು ಜನರ ಹಿಂದಿನಿಂದ ಕತ್ತು ಉದ್ದ ಮಾಡಿ ನೋಡಿದೆ. ಒಂದು ಮೊಣಕೈ, ಒಂದು ಬಿಳಿ ಬಟ್ಟೆ, ಸುರಿಯುತ್ತಿದ್ದ ಉಪ್ಪು. ಅಷ್ಟರಲ್ಲಿ ಮಣ್ಣು ಎಳೆಯತೊಡಗಿದರು. ನಾನೂ ಮೂರು ಹಿಡಿ ಹಾಕಿದೆ. ಅದು ಗುಂಡ್ಲುಪೇಟೆಯ ಕೆಮ್ಮಣ್ಣು.

ಕವರಿನ ಮಣ್ಣು ಏನಾಯಿತು ಎಂದು ಅಲ್ಲಿ ಕೇಳಲಾಗಲಿಲ್ಲ. ಮನೆಗೆ ಬಂದಾಗ ಕಿಟಕಿ ಖಾಲಿಯಿತ್ತು. ಸಾವಿನ ಮನೆಯಲ್ಲಿ ನೀರು ಹಾಕಿ ತೊಳೆಯುವಾಗ ಎಲ್ಲವನ್ನೂ ಆಚೆಗೆ ಎಸೆಯುತ್ತಾರೆ. ಅತ್ತೆಯ ಮಗಳ ಮುಖ ನೋಡಿ ಅಲ್ಲೂ ಕೇಳದೆ ಬಿಟ್ಟೆ. ರಾತ್ರಿ ಬಸ್ಸಿಗೆ ಮೈಸೂರಿಗೆ ಬಂದೆ. ಒಂದೆರಡು ದಿನಗಳಲ್ಲಿ ನನ್ನ ತಲೆಯೊಳಗೆ ಒಂದು ಚಿತ್ರ ತಯಾರಾಗುತ್ತಿರುವುದು ಗಮನಕ್ಕೆ ಬಂತು. ಅಳಿಯ ಕವರು ಬಿಚ್ಚುತ್ತಾನೆ, ಕಪ್ಪು ಮಣ್ಣು ಬೀಳುತ್ತದೆ, ನಾನು ಅದನ್ನು ನೋಡುತ್ತಿದ್ದೇನೆ. ಇನ್ನು ಹತ್ತು ವರ್ಷಕ್ಕೆ ನಾನು ಅದನ್ನು ಕಣ್ಣಾರೆ ಕಂಡೆ ಎಂದು ಹೇಳುತ್ತಿರುತ್ತೇನೆ ಎಂಬುದು ಖಚಿತವಾಯಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಅಳಿಯನನ್ನು ಜಗುಲಿಯ ಆಚೆ ಕರೆದು ಕವರಿನ ಮಣ್ಣು ಏನಾಯಿತು ಎಂದು ಕೇಳಿದೆ. ಆಮೇಲೆ, ಅವನು ಎದುರಿಗಿಲ್ಲದಾಗ, ಅವನು ಹೇಳಿದ್ದನ್ನು ಬಾಯಿಬಿಡದೆ, ಅಯ್ಯನವರನ್ನು ಕೇಳಿದೆ. ಇಬ್ಬರೂ ಒಂದೇ ಹೇಳಿದರು. ಉಪ್ಪು ಸುರಿಯುವುದಕ್ಕೆ ಮೊದಲು ಹಾಕಿದರು, ಎಡಗಡೆ, ಮಡಿಲಿಗೆ.